ಬರೀ ತೂತಿಗೆ ಇಷ್ಟು ದುಡ್ಡಾ?

ಪದ್ಮ ಐರ್ಲೆಂಡಿನ ಗಾಲ್ವೆಯಲ್ಲಿರುವ ಮಗಳ ಮನೆಯಿಂದ ವಾಪಸ್ ಬಂದಿದ್ದಳು. ಶನಿವಾರ ನಾವೆಲ್ಲ ಕಾಫಿಗೆ ಸೇರಿದಾಗ ಅಂಗೈಯಗಲದ ಒಂದು ಲೇಸ್ ತೋರಿಸಿದಳು. ಬೆಲೆ ಕೇಳಿ ನಾಗರಾಜನಿಗೆ ಕೆಮ್ಮು ಬಂತು.

"ಬರೀ ತೂತು! ನನ್ನ ಬನಿಯನ್ನಿನಲ್ಲಿ ಇದಕ್ಕಿಂತ ಜಾಸ್ತಿ ಇವೆ."

"ನಿನ್ನವು ತಾವಾಗಿ ಬಿದ್ದವು. ಇವನ್ನು ಕೂತು ಮಾಡಿದ್ದಾರೆ."

ಅದು ಕ್ಲೋನ್ಸ್ ಲೇಸ್. 1847ರ ಸುಮಾರಿಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದರು. ಕ್ಲೋನ್ಸ್ ಊರಿನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅಲ್ಲಿನ ಹೆಂಗಸರಿಗೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯೋದು, ಕಲಿಸಲು ಏರ್ಪಾಡು ಮಾಡಿದಳು. ಮನೆ ಮನೆಗೂ ಒಂದೊಂದು ಹೂವಿನ ಮಾದರಿ. ಪಕ್ಕದ ಮನೆಯವರಿಗೆ ಗುಟ್ಟು ಬಿಡುತ್ತಿರಲಿಲ್ಲ.

"ನಮ್ಮತ್ತೆಯ ಸಾರಿನ ಪುಡಿ ಥರ," ಅಂದೆ ನಾನು.

ಸೀರೆ ಕುಚ್ಚು ಹಾಕುವ ಶಾರದ ಲೇಸನ್ನು ಮೂಗಿನ ತನಕ ಹಿಡಿದು ನೋಡಿದಳು. "ಈ ಗಂಟಿಗೆ ಕಡ್ಡಿಯ ಮೇಲೆ ದಾರ ಮತ್ತೆ ಮತ್ತೆ ಸುತ್ತಿ, ಒಂದೇ ಸಲ ಎಳೆಯಬೇಕು, ಅಲ್ವಾ?" ಪದ್ಮ ತಲೆಯಾಡಿಸಿದಳು. ತಾನೂ ಅಲ್ಲಿ ಪ್ರಯತ್ನಿಸಿದ್ದಳಂತೆ. ಕಡ್ಡಿಯ ಜೊತೆ ಬೆರಳೂ ಗಂಟಿನೊಳಗೆ ಹೋಗಿತ್ತಂತೆ.

ಐರ್ಲೆಂಡಿನದೇ ಇನ್ನೊಂದು ಬಗೆ, ಕ್ಯಾರಿಕ್‌ಮ್ಯಾಕ್ರಾಸ್ ಲೇಸಿನದು ಇನ್ನೂ ಫಜೀತಿ. ಬಲೆಯ ಮೇಲೆ ತೆಳು ಬಟ್ಟೆ ಇಟ್ಟು, ಚಿತ್ರದ ಅಂಚಿಗೆ ದಾರ ಕೂರಿಸಿ, ಬೇಡದ ಬಟ್ಟೆಯನ್ನಷ್ಟೇ ಕತ್ತರಿಸಬೇಕು. ಕೆಳಗಿನ ಬಲೆಗೆ ಕತ್ತರಿ ತಾಗಿದರೆ ಮುಗಿಯಿತು. ಅದಕ್ಕೇ ಕತ್ತರಿಯ ತುದಿಗೆ ಪುಟ್ಟ ಗುಂಡು ಇರುತ್ತದೆ.

"ನನ್ನ ಕ್ಷೌರಿಕನಿಗೂ ಒಂದು ತರಬೇಕಿತ್ತು," ಎಂದ ನಾಗರಾಜ ಕಿವಿ ಸವರಿಕೊಂಡು. "ಅದಿರಲಿ, ಮೆಷಿನ್ ಬಂದಮೇಲೂ ಇದನ್ನು ಯಾರು ಮಾಡ್ತಾರೆ?"

ಪದ್ಮ ಇದಕ್ಕೇ ಕಾಯುತ್ತಿದ್ದಳು. ಗಾಲ್ವೆ ಹತ್ತಿರದ ಹೆಡ್‌ಫರ್ಡ್ ಊರಿನಲ್ಲಿ ಲೇಸ್ ಹೆಣಿಗೆ ಸುಮ್ನೆ ಮರೆತುಹೋಗಿತ್ತು. 2016ರಲ್ಲಿ ಊರವರೇ ಹೆಡ್‌ಫರ್ಡ್ ಲೇಸ್ ಪ್ರಾಜೆಕ್ಟ್ ಶುರು ಮಾಡಿದರು. ಗಟ್ಟಿ ದಿಂಬಿಗೆ ಗುಂಡುಪಿನ್ನು ಚುಚ್ಚಿ, ದಾರ ಸುತ್ತಿದ ಕಡ್ಡಿಗಳನ್ನು ಅತ್ತಿತ್ತ ದಾಟಿಸಿ ಹೆಣೆಯುತ್ತಾರೆ. ಫಿಯೋನಾ ಹ್ಯಾರಿಂಗ್ಟನ್ ಎಂಬ ಕಲಾವಿದೆಯಂತೂ ಲೇಸನ್ನು ಕಾಲರ್, ಕರವಸ್ತ್ರದಿಂದ ಬಿಡಿಸಿ ಕಲಾಕೃತಿಯಾಗಿ ಗೋಡೆಗೇ ಏರಿಸಿದ್ದಾಳೆ.

"ದಿಂಬಿಗೆ ಪಿನ್ನಾ? ನಮ್ಮನೇಲಿ ದಿಂಬು ಇರೋದು ಮಲಗೋಕೆ," ಎನ್ನುತ್ತಾ ನಾಗರಾಜ ಬಿಸಿ ಕಾಫಿ ಲೋಟವನ್ನು ನೇರ ಲೇಸಿನ ಮೇಲಿಟ್ಟ.

ಆಮೇಲೆ ಲೋಟ ಖಾಲಿಯಾಗುವ ತನಕ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಕೂರೋಕೆ ಪದ್ಮ ಬಿಡಲಿಲ್ಲ.