ಹಳೇ ಇ240: ಹನ್ನೆರಡಕ್ಕೂ ಇರಿಡಿಯಂ ಪ್ಲಗ್ ಹಾಕಿಸಲಾ?

ಹಾಸನದ ಹಳೇ ಬೆಂಜ್:

ಎಲ್ಲರಿಗೂ ನಮಸ್ಕಾರ. ನನ್ನದು 2005ರ ಮರ್ಸಿಡಿಸ್ ಇ240. ಪೆಟ್ರೋಲ್, 211 ಬಾಡಿ (ಆ ತಲೆಮಾರಿನ ಇ-ಕ್ಲಾಸ್‌ಗೆ ಕಂಪನಿ ಕೊಟ್ಟ ನಂಬರ್), ಸೆಕೆಂಡ್ ಹ್ಯಾಂಡ್. ಮೀಟರ್ 1.12 ಲಕ್ಷ ಕಿ.ಮೀ. ತೋರಿಸುತ್ತಿದೆ. ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು ಅಂತ ಹಿಂದಿನ ಓನರ್‌ಗೂ ನೆನಪಿಲ್ಲ.

ಊರೊಳಗೆ ಏನೂ ತಕರಾರಿಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದರೆ ಸಾಕು, ಮಿಸ್ಸಿಂಗ್ ಹೊಡೆಯುತ್ತದೆ, ಎಂಜಿನ್ ತಡವರಿಸುತ್ತದೆ. ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ. ಎಂಜಿನ್ ಲೈಟೂ ಬಂತು. ಸ್ಕ್ಯಾನರ್‌ನಲ್ಲಿ ಪಿ0303 ಅಂತ ಬರುತ್ತಿದೆ.

ಇಲ್ಲಿನ ಗ್ಯಾರೇಜಿನವರು "ಇದಕ್ಕೆ 12 ಪ್ಲಗ್ ಸರ್, ಎಲ್ಲಾ ಇರಿಡಿಯಂ ಹಾಕಿಬಿಡೋಣ, ಪಿಕಪ್ ಬರುತ್ತೆ" ಅಂದರು. ಆರು ಸಿಲಿಂಡರ್‌ಗೆ ಹನ್ನೆರಡು ಯಾಕೆ ಅಂತ ಕೇಳಿದ್ದಕ್ಕೆ ನಕ್ಕು ಸುಮ್ಮನಾದರು. ಆನ್‌ಲೈನ್‌ನಲ್ಲಿ ಅದೇ ಪ್ಲಗ್ ಅರ್ಧ ರೇಟಿಗೆ ಕಾಣುತ್ತಿದೆ. ತೆಗೆದುಕೊಳ್ಳಲಾ? ಇಲ್ಲ, ಇದೆಲ್ಲ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಕಾಟವಾ? ಮನೆಯಲ್ಲಂತೂ ಗಾಡಿ ಮಾರಿಬಿಡಿ ಅನ್ನುತ್ತಿದ್ದಾರೆ.

ರಿಂಗ್ ರೋಡ್ ರಾಜ:

ಇರಿಡಿಯಂ ಹಾಕಿಸಿ, ಟೆನ್ಷನ್ ಬಿಡಿ. ನನ್ನ ಸ್ವಿಫ್ಟ್‌ಗೆ ಹಾಕಿಸಿದ್ದೇನೆ, ಸೂಪರ್ ಆಗಿದೆ.

ಸ್ಪ್ಯಾನರ್ ಭಟ್ಟರು:

ಹಾಸನದವರೇ, ದುಡ್ಡು ಬಿಚ್ಚುವ ಮೊದಲು ಸ್ವಲ್ಪ ನಿಲ್ಲಿ. ನಾನು ಬೆಂಗಳೂರಿನಲ್ಲಿ ಇದೇ ಎಂಜಿನ್‌ಗಳ ಕೆಳಗೆ ವರ್ಷಗಟ್ಟಲೆ ಮಲಗಿದ್ದವನು. ಈಗ ಶಿರಸಿಯಲ್ಲಿ ಅಡಿಕೆ ತೋಟ. ಆದರೂ ಇಂಥ ಪ್ರಶ್ನೆ ಕಂಡರೆ ಕೈ ಸುಮ್ಮನಿರುವುದಿಲ್ಲ.

ಪಿ0303 ಅಂದರೆ ಮಿಸ್ಸಿಂಗ್ ಮೂರನೇ ಸಿಲಿಂಡರ್ ಒಂದರಲ್ಲೇ. ನಿಮ್ಮ ಎಂ112 ಎಂಜಿನ್‌ನಲ್ಲಿ ಬಲಗಡೆ ಸಾಲು ಮುಂದಿನಿಂದ 1, 2, 3. ಎಡಗಡೆ 4, 5, 6. ಹಾಗಾಗಿ ಮೂರನೆಯದು ನಮ್ಮ ದೇಶದ ಗಾಡಿಯಲ್ಲಿ ಡ್ರೈವರ್ ಕಡೆ, ತೀರಾ ಹಿಂದೆ ಇರುತ್ತದೆ. ಕೈ ಹೋಗದ ಜಾಗವೇ ಕೆಡಬೇಕು ನೋಡಿ! ಪೆಟ್ರೋಲ್ ಸರಿಯಿಲ್ಲದಿದ್ದರೆ ಆರೂ ಸಿಲಿಂಡರ್ ಅದನ್ನೇ ಕುಡಿಯುತ್ತಿವೆಯಲ್ಲ, ಮೂರನೆಯದು ಮಾತ್ರ ಯಾಕೆ ಮುನಿಸಿಕೊಳ್ಳಬೇಕು? ಇಷ್ಟು ಹಳೇ ಗಾಡಿಗೆ ಇ20 ಹಾಕುವಾಗ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಿ. ಈ ಮಿಸ್ಸಿಂಗ್‌ಗೂ ಅದಕ್ಕೂ ಸಂಬಂಧ ಕಾಣುತ್ತಿಲ್ಲ.

ಹನ್ನೆರಡು ಯಾಕೆ ಅಂದಿರಿ. ಈ ಎಂಜಿನ್‌ನಲ್ಲಿ ಸಿಲಿಂಡರ್‌ಗೆ 3 ವಾಲ್ವ್. ಗಾಳಿ ಬರಲು 2, ಹೊಗೆ ಹೋಗಲು 1. ಹೊಗೆಯ ದಾರಿ ಒಂದೇ ಆದ್ದರಿಂದ ದಾರಿಯಲ್ಲಿ ಪೋಲಾಗುವ ಬಿಸಿ ಕಡಿಮೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬ) ಬೇಗ ಕಾಯುತ್ತದೆ. ಸಿಲಿಂಡರ್‌ನ ಎರಡು ಕಡೆ ಎರಡು ಪ್ಲಗ್ ಕಿಡಿ ಕೊಡುತ್ತವೆ. ಸಿಲಿಂಡರ್‌ಗೆ ಒಂದು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವುದು), ಅದರಿಂದ ಎರಡು ಗಿಡ್ಡ ಕೇಬಲ್. ಇದರಲ್ಲಿ ಒಂದು ಮೋಸವೂ ಇದೆ. ಒಂದು ಪ್ಲಗ್ ಸತ್ತರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಊರೊಳಗೆ ನಿಮಗೆ ಗೊತ್ತೇ ಆಗುವುದಿಲ್ಲ. ಏರು ಹತ್ತುವಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಪ್ಲಗ್ ತುದಿಯ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಕೇಬಲ್ ಬೂಟಿನಲ್ಲಿ (ಪ್ಲಗ್ ಮೇಲೆ ಕೂರುವ ಟೋಪಿ) ಸಣ್ಣ ಬಿರುಕಿದ್ದರೆ ಕರೆಂಟು ಗ್ಯಾಪ್ ಬಿಟ್ಟು ಹತ್ತಿರದ ಲೋಹಕ್ಕೆ ಹಾರಿಬಿಡುತ್ತದೆ. ಶಿರಾಡಿಯಲ್ಲಿ ನಿಮಗೆ ಆಗುತ್ತಿರುವುದು ಬಹುಶಃ ಇದೇ.

ಮೊದಲು ಮೂರರ ಕಾಯಿಲ್ ಒಂದಕ್ಕೆ, ಒಂದರದು ಮೂರಕ್ಕೆ ಹಾಕಿಸಿ. ಕೋಡ್ ಅಳಿಸಿ ಮತ್ತೆ ಏರು ಹತ್ತಿಸಿ. ಪಿ0301 ಬಂದರೆ ಕಾಯಿಲ್ ಹೋಗಿದೆ. ಮೂರರಲ್ಲೇ ಉಳಿದರೆ ಕೇಬಲ್ ಅಥವಾ ಪ್ಲಗ್ ನೋಡಿ. ಇದಕ್ಕೆ ಖರ್ಚು ಬರೀ ಕೂಲಿ.

ಇನ್ನು ಇರಿಡಿಯಂ. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪ್ಲಗ್ ತುದಿಗೆ ಹಾಕುವ ಇರಿಡಿಯಂ ಲೋಹ ಕರಗಲು 2,400 ಡಿಗ್ರಿ ದಾಟಬೇಕು, ಪ್ಲಾಟಿನಂ 1,768ಕ್ಕೇ ಕರಗುತ್ತದೆ. ಹಾಗಾಗಿ ತುದಿಯನ್ನು ಇನ್ನೂ ಸಣ್ಣದಾಗಿ ಮಾಡಬಹುದು. ಆದರೆ ಅದರಿಂದ ಪಿಕಪ್ ಬರುತ್ತದೆ ಅನ್ನುವುದು ವ್ಯಾಪಾರದ ಮಾತು. ಸವೆದ ಪ್ಲಗ್ ತೆಗೆದು ಹೊಸದು ಹಾಕಿದರೆ ಯಾವುದಾದರೂ ಪಿಕಪ್ ಬಂದೇ ಬರುತ್ತದೆ. ಈ ಎಂಜಿನ್‌ಗೆ ಎರಡೂ ತುದಿಯಲ್ಲಿ ಪ್ಲಾಟಿನಂ ಇರುವ ಪ್ಲಗ್ ಸಾಕು. ಬಾಷ್‌ನಲ್ಲಿ ಎಫ್8ಡಿಪಿಪಿ332, ಎನ್‌ಜಿಕೆಯಲ್ಲಿ ಪಿಎಫ್‌ಆರ್5ಆರ್-11. ಸುಮಾರು ಒಂದು ಲಕ್ಷ ಕಿ.ಮೀ. ಬರುತ್ತದೆ. ಸಾದಾ ನಿಕಲ್ ಪ್ಲಗ್ ಅಗ್ಗ, ಆದರೆ ಬೇಗ ಸವೆಯುತ್ತದೆ. ಹನ್ನೆರಡನ್ನು ಪದೇ ಪದೇ ಬಿಚ್ಚುವ ಕೂಲಿ ಯಾರು ಕೊಡುತ್ತಾರೆ?

ಅಂಗಡಿಯವರು "ಇದೂ ಆಗುತ್ತೆ" ಅಂತ ಬೇರೆ ನಂಬರ್ ಕೊಟ್ಟರೆ ಹುಷಾರು. ಬಾಷ್‌ನಲ್ಲಿ ಹೀಟ್ ನಂಬರ್ (ಎಫ್8ಡಿಪಿಪಿ332ರಲ್ಲಿ ಆ 8) ದೊಡ್ಡದಾದಷ್ಟು ಪ್ಲಗ್ ಬಿಸಿ ಹಿಡಿದುಕೊಳ್ಳುತ್ತದೆ. ಎನ್‌ಜಿಕೆಯಲ್ಲಿ ಉಲ್ಟಾ, ದೊಡ್ಡ ನಂಬರ್ ಅಂದರೆ ತಣ್ಣನೆಯ ಪ್ಲಗ್. ಬಾಷ್‌ನ 8 ಅಂತ ಎನ್‌ಜಿಕೆಯ 8 ಹಾಕಿದರೆ ಮಸಿ ಕಟ್ಟಿಕೊಂಡು ಕೂರುತ್ತದೆ.

ಅರ್ಧ ರೇಟಿನ ಪ್ಲಗ್ ಬೇಡವೇ ಬೇಡ. ದೊಡ್ಡ ಹೆಸರಿನ ಡಬ್ಬದಲ್ಲೇ ನಕಲಿ ಬರುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ. ಕೈಯಲ್ಲಿ ಹಿಡಿದು ನೋಡಿ. ವಾಷರ್ ಸಲೀಸಾಗಿ ಕಳಚಿಕೊಂಡು ಬರಬಾರದು. ಬಾಗಿದ ತುದಿ ನಡುವಿನ ಕಡ್ಡಿಯ ನೇರಕ್ಕಿರಬೇಕು. ಥ್ರೆಡ್ ಒರಟಾಗಿರಬಾರದು.

ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ, ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಥ್ರೆಡ್ ಕಿತ್ತುಬರಬಹುದು. ಮೇಲಿನ ಏರ್ ಫಿಲ್ಟರ್ ಡಬ್ಬ, ಕಾಯಿಲ್‌ಗಳನ್ನು ತೆಗೆದರೆ ಕೈಗೆ ಜಾಗ ಸಿಗುತ್ತದೆ. ಬೂಟನ್ನು ಕೇಬಲ್ ಹಿಡಿದು ಎಳೆಯಬೇಡಿ. ಅದರ ಲೋಹದ ಕಾಲರ್ ಕೆಳಗೆ ಓಪನ್ ಸ್ಪ್ಯಾನರ್ ತೂರಿಸಿ ಮೆಲ್ಲಗೆ ಎಬ್ಬಿಸಿ. ಪ್ಲಗ್ ಸಡಿಲ ಮಾಡುವ ಮೊದಲು ಸುತ್ತಲಿನ ಧೂಳಿಗೆ ಗಾಳಿ ಹೊಡೆಸಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್‌ಗೆ ಬೀಳುತ್ತದೆ. ಹೊಸದನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಟಾರ್ಕ್ ರೆಂಚ್, 25ರಿಂದ 30 ನ್ಯೂಟನ್ ಮೀಟರ್. ಥ್ರೆಡ್‌ಗೆ ಗ್ರೀಸ್ ಬಳಿಯುವುದು ಬೇಡ. ಬಳಿದರೆ ಜಾರುತ್ತದೆ, ರೆಂಚ್ ಕ್ಲಿಕ್ ಅನ್ನುವಷ್ಟರಲ್ಲಿ ಪ್ಲಗ್ ಅತಿಯಾಗಿ ಬಿಗಿದಿರುತ್ತದೆ.

124 ಪ್ರೇಮಿ:

ಭಟ್ಟರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಇದನ್ನು ಓದಿ ಹಳೇ 124 (ಇನ್ನೂ ಹಿಂದಿನ ಇ-ಕ್ಲಾಸ್ ಬಾಡಿ) ಇಟ್ಟುಕೊಂಡವರು ಪ್ಲಾಟಿನಂಗೆ ಓಡಬೇಡಿ. ನನ್ನ ಇ220 ಅದೇ ಪುಣೆಯಲ್ಲಿ ಜೋಡಿಸಿದ ಮೊದಲ ಕಾಲದ್ದು. ಅದರಲ್ಲಿ ಪ್ಲಗ್ ಕ್ಯಾಪಿನೊಳಗೇ ರೆಸಿಸ್ಟರ್ ಇದೆ. ಹಾಗಾಗಿ ರೆಸಿಸ್ಟರ್ ಇಲ್ಲದ ಸಾದಾ ಪ್ಲಗ್, ಬಾಷ್ ಎಫ್8ಡಿಸಿ4. ನಾಲ್ಕೇ ನಾಲ್ಕು. ಭಾನುವಾರ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ.

ಹಾಸನದ ಹಳೇ ಬೆಂಜ್:

ಭಟ್ಟರೇ, ತುಂಬಾ ಥ್ಯಾಂಕ್ಸ್. ಕಾಯಿಲ್ ಅದಲುಬದಲು ಮಾಡಿಸಿದೆ, ಕೋಡ್ ಮೂರರಲ್ಲೇ ಉಳಿಯಿತು. ಬೂಟ್ ತೆಗೆಸಿ ನೋಡಿದರೆ ಒಂದು ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಬೂಟಿನ ಹೊರಗೆಲ್ಲ ಆಯಿಲ್ ಜಿಡ್ಡು. ಗ್ಯಾರೇಜಿನವರು ಪ್ಲಗ್ ಒಂದನ್ನೇ ಬದಲಿಸಿ ಹಳೇ ಕೇಬಲ್ ಒರೆಸಿ ಹಾಕೋಣ ಅನ್ನುತ್ತಾರೆ.

ಸ್ಪ್ಯಾನರ್ ಭಟ್ಟರು:

ಬೇಡ. ಆ ಕಪ್ಪು ಗೆರೆ ಕರೆಂಟು ಹರಿದ ದಾರಿ. ಬೂಟಿನ ಒಳಗೂ ಅದೇ ದಾರಿ ಬಿದ್ದಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ಹಳೇ ಬೂಟ್ ಹಾಕಿದರೆ ಹೊಸ ಪ್ಲಗ್ ಮೇಲೂ ಗೆರೆ ಬೀಳುತ್ತದೆ. ಇಷ್ಟು ವಯಸ್ಸಾದ ಗಾಡಿಗೆ ನಾನಾಗಿದ್ದರೆ ಪ್ಲಗ್, ಕೇಬಲ್ ಎರಡೂ ಹನ್ನೆರಡು ಒಟ್ಟಿಗೆ ಬದಲಿಸುತ್ತಿದ್ದೆ. ಬಜೆಟ್ ಬಿಗಿ ಇದ್ದರೆ ಇರಿಡಿಯಂಗೆ ಇಟ್ಟ ದುಡ್ಡನ್ನು ಕೇಬಲ್‌ಗೆ ಹಾಕಿ.

ಆದರೆ ಆ ಆಯಿಲ್ ಎಲ್ಲಿಂದ ಅಂತ ಮೊದಲು ನೋಡಿಸಿ. ಈ ಎಂಜಿನ್‌ನಲ್ಲಿ ವಾಲ್ವ್ ಕವರ್‌ನ ಗ್ಯಾಸ್ಕೆಟ್ (ಆಯಿಲ್ ತಡೆಯುವ ಸೀಲು) ಮತ್ತು ಆ ಕವರ್ ಮೇಲಿನ ಬ್ರೀದರ್ (ಎಂಜಿನ್ ಒಳಗಿನ ಆವಿ ಹೋಗುವ ದಾರಿ) ಮುಚ್ಚಳದಿಂದ ಆಯಿಲ್ ಒಸರುವುದು ತೀರಾ ಮಾಮೂಲಿ. ಅದು ಪ್ಲಗ್ ಮೇಲೂ ಇಳಿಯುತ್ತದೆ, ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೂ ಬೀಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ ಬರುತ್ತಿದ್ದರೆ ಅದೇ. ಗ್ಯಾಸ್ಕೆಟ್ ಕೆಲಸ ಮುಗಿಸಿ, ಒರೆಸಿ, ಆಮೇಲೆ ಹೊಸ ಕೇಬಲ್ ಕೂರಿಸಲಿ.

ಬಿಚ್ಚಿದ ಪ್ಲಗ್‌ಗಳನ್ನು ಎಸೆಯಲು ಬಿಡಬೇಡಿ. ಸಿಲಿಂಡರ್ ನಂಬರ್ ಬರೆದು ಸಾಲಾಗಿ ಇಟ್ಟು ಒಂದು ಫೋಟೋ ಇಲ್ಲಿ ಹಾಕಿ. ತಿಳಿ ಕಂದು ಇದ್ದರೆ ಸರಿ. ಯಾವುದಾದರೂ ಮಸಿ ಹಿಡಿದಿದ್ದರೆ, ತುದಿ ಆಯಿಲ್‌ನಲ್ಲಿ ತೊಯ್ದಿದ್ದರೆ ಆಗ ಮಾತಾಡೋಣ.