ಕಮ್ಯುನಿಸ್ಟ್ ಪಾರ್ಟಿಯ ಮೊದಲ ಜನರಲ್ ಸೆಕ್ರೆಟರಿ ನಮ್ಮ ಮಂಗ್ಳೂರಿನವ್ರಾ?

ಪಾಂಡೇಶ್ವರದ ಹುಡುಗ:
ನಮಸ್ಕಾರ ಎಲ್ರಿಗೂ. ಮೊನ್ನೆ ಮೀರತ್ ಕೇಸಿನ (ಬ್ರಿಟಿಷರು ಕಮ್ಯುನಿಸ್ಟರ ಮೇಲೆ ಹಾಕಿದ ಒಳಸಂಚಿನ ಕೇಸು) ಬಗ್ಗೆ ಓದ್ತಾ ಇದ್ದೆ, ಆರೋಪಿಗಳ ಪಟ್ಟಿಯಲ್ಲಿ ಎಸ್.ವಿ. ಘಾಟೆ, ಹುಟ್ಟಿದ್ದು 1896, ಮಂಗ್ಳೂರು ಅಂತ ಉಂಟು. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ, ಒಬ್ರ ಬಾಯಲ್ಲೂ ಈ ಹೆಸರು ಕೇಳಿಲ್ಲ ಮಾರಾಯ್ರೇ. ಪಾರ್ಟಿಯ ಮೊದಲ ಜನರಲ್ ಸೆಕ್ರೆಟರಿ ಇವ್ರೇ ಅಂತ ಹೇಳ್ತಾರೆ, ಹೌದಾ? ಮತ್ತೆ ಆ ಕೇಸಲ್ಲಿ ಇವ್ರು ಮಾಡಿದ್ದಾದ್ರೂ ಎಂತ?

ಹಳೇಪೇಪರ್:
ಹೌದು ಸರ್, ಆದ್ರೆ ಸ್ವಲ್ಪ ಸಿಕ್ಕು ಇದೆ. 1925 ಡಿಸೆಂಬರಲ್ಲಿ ಕಾನ್ಪುರದಲ್ಲಿ ಪಾರ್ಟಿ ಕಟ್ಟೋ ಸಮ್ಮೇಳನ, ಅಧ್ಯಕ್ಷರು ಮದ್ರಾಸಿನ ಸಿಂಗಾರವೇಲು. ಅದನ್ನ ಕರೆದಿದ್ದ ಸತ್ಯಭಕ್ತರೇ ಪಾರ್ಟಿ ಹೆಸರು ಹೇಗಿರ್ಬೇಕು ಅನ್ನೋ ಜಗಳದಲ್ಲಿ ಹೊರಗೆ ಹೋದ್ರು, ಮದುವೆ ಮನೆ ಯಜಮಾನನೇ ಊಟಕ್ಕೆ ಮುಂಚೆ ಎದ್ದು ಹೋದಂಗೆ! ಅಲ್ಲಿ ಘಾಟೆ, ಬಗೇರಹಟ್ಟ ಇಬ್ರೂ ಜಂಟಿ ಕಾರ್ಯದರ್ಶಿ, 1927ರಲ್ಲಿ ಘಾಟೆ ಜನರಲ್ ಸೆಕ್ರೆಟರಿ. ಆದ್ರೆ ಸಿಪಿಎಂನವ್ರು ಪಾರ್ಟಿ ಹುಟ್ಟಿದ್ದು 1920ರಲ್ಲಿ ತಾಷ್ಕೆಂಟಲ್ಲಿ ಅಂತಾರೆ, ಆ ಲೆಕ್ಕಕ್ಕೆ ಮೊದಲ ಸೆಕ್ರೆಟರಿ ಮಹಮ್ಮದ್ ಶಫೀಕ್.

ಗಿರಣಿ ಸೈರನ್:
ಮಾಡಿದ್ದು ಯೂನಿಯನ್ ಕೆಲಸ, ಅಷ್ಟೇ. 1928ರಲ್ಲಿ ಬಾಂಬೆ ಬಟ್ಟೆ ಗಿರಣಿಗಳ ಮುಷ್ಕರ ಹತ್ತಿರ ಹತ್ತಿರ ಆರು ತಿಂಗಳು ನಡೀತು, ಗಿರಣಿ ಕಾಮ್‌ಗಾರ್ ಯೂನಿಯನ್ (ಗಿರಣಿ ಕಾರ್ಮಿಕರ ಸಂಘ) ಹುಟ್ಟಿದ್ದು ಅದ್ರಲ್ಲೇ, ಸರ್ಕಾರ ಹೆದರಿ 1929 ಮಾರ್ಚ್ 20ಕ್ಕೆ ದೇಶದ ತುಂಬಾ ಇಂಥ ಮುಖಂಡರನ್ನ ಒಂದೇ ಏಟಿಗೆ ಅರೆಸ್ಟ್ ಮಾಡ್ತು. ಕೆಲಸ ಎಲ್ಲಾ ಬಾಂಬೆ ಕಲ್ಕತ್ತಾದಲ್ಲಿ, ಕೇಸ್ ಮಾತ್ರ ಮೀರತ್‌ನಲ್ಲಿ ಯಾಕೆ ಗೊತ್ತಾ, ಅಲ್ಲಿ ಜ್ಯೂರಿ, ಅಂದ್ರೆ ತಪ್ಪಿತಸ್ಥ ಹೌದಾ ಅಲ್ವಾ ಅಂತ ಹೇಳೋ ಸಾಮಾನ್ಯ ಜನರ ಮಂಡಳಿ, ಇಲ್ಲ! ಆರೋಪ ಏನಪ್ಪಾ ಅಂದ್ರೆ ಚಕ್ರವರ್ತಿಯಿಂದ ಬ್ರಿಟಿಷ್ ಇಂಡಿಯಾದ ಸಾರ್ವಭೌಮತ್ವ ಕಿತ್ಕೊಳ್ಳೋ ಒಳಸಂಚು. ತೀರ್ಪು ಬಂದಿದ್ದು 1933 ಜನವರಿಲಿ, ಘಾಟೆಗೆ 12 ವರ್ಷ. ಆಮೇಲೆ ಅಲಹಾಬಾದ್ ಹೈಕೋರ್ಟ್ ತುಂಬಾ ಇಳಿಸ್ತು ಬಿಡಿ, ಆದ್ರೆ ವಿಚಾರಣೆಯಲ್ಲೇ ನಾಲ್ಕು ವರ್ಷ ಹೋಗಿತ್ತಲ್ಲ.

ಹಳೇಪೇಪರ್:
ಅದೇ ಕೇಸಲ್ಲಿ ಇಂಗ್ಲೆಂಡಿಂದ ಬಂದಿದ್ದ ಫಿಲಿಪ್ ಸ್ಪ್ರಾಟ್‌ಗೂ 12 ವರ್ಷ. ಆತ ಆಮೇಲೆ ಕಮ್ಯುನಿಸಂಗೇ ವಿರೋಧಿಯಾಗಿ ಬೆಂಗ್ಳೂರಲ್ಲಿ ನೆಲೆಸಿ ಮೈಸಿಂಡಿಯಾ ಅಂತ ಪತ್ರಿಕೆ ಎಡಿಟ್ ಮಾಡ್ತಿದ್ರು. ಘಾಟೆ ಮಾತ್ರ ಬಿಡುಗಡೆ ಆದ್ಮೇಲೂ ಮದ್ರಾಸ್ ಕಡೆ ಅದೇ ಕೆಲಸ. 1937ರಲ್ಲಿ ಕಲ್ಲಿಕೋಟೆಯಲ್ಲಿ ಕೃಷ್ಣ ಪಿಳ್ಳೈ, ಇಎಂಎಸ್ ನಂಬೂದಿರಿಪಾಡ್ ಎಲ್ಲಾ ಸೇರಿ ಗುಟ್ಟಾಗಿ ಕೇರಳದ ಮೊದಲ ಗುಂಪು ಕಟ್ಟಿದಾಗ ಪಾರ್ಟಿ ಕಡೆಯಿಂದ ಕೂತಿದ್ದವರು ಇವ್ರೇ. ಅಲ್ಲಿದ್ದ ಇಎಂಎಸ್ ಮುಂದೆ ಕೇರಳದ ಮುಖ್ಯಮಂತ್ರಿ ಆದ್ರು, ಘಾಟೆ 1970ರಲ್ಲಿ ತೀರಿಕೊಳ್ಳೋವರೆಗೂ ಪಾರ್ಟಿ ಆಳಾಗೇ ಉಳಿದ್ರು. ಸಂಘಟನೆ ಮಾಡೋನ ಹೆಸರು ಯಾರು ನೆನಪಿಟ್ಕೊತಾರೆ ಹೇಳಿ, ಭಾಷಣ ಮಾಡೋನದ್ದು ಉಳಿಯುತ್ತೆ.

ಪಾಂಡೇಶ್ವರದ ಹುಡುಗ:
ಅಬ್ಬ, ಸ್ಪ್ರಾಟ್ ಕತೆ ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್ ಇಬ್ರಿಗೂ. ನಮ್ಮ ದೊಡ್ಡಪ್ಪ ಹೆಂಚಿನ ಫ್ಯಾಕ್ಟರಿ ಯೂನಿಯನ್ನಲ್ಲಿ ಇದ್ದವ್ರು, ನಾಳೆ ಹೋಗಿ ಘಾಟೆ ಹೆಸರು ಹೇಳಿ ನೋಡ್ತೇನೆ, ಎಂತ ಹೇಳ್ತಾರೆ ಅಂತ ಇಲ್ಲೇ ಬರೀತೇನೆ.