17ರಲ್ಲಿ ಖುಷಿ ಕೊಟ್ಟ ಕತ್ತಲೆ 44ರಲ್ಲಿ ಯಾಕೆ ಆಗಿಬರುತ್ತಿಲ್ಲ?

ಬಿ ಸೈಡ್:
17ನೇ ವಯಸ್ಸಿನಲ್ಲಿ ನನಗೆ ಡೂಮ್ ಮೆಟಲ್ ಹುಚ್ಚು. ಎದೆ ಮೇಲೆ ಕಲ್ಲು ಹೇರಿದಂಥ ನಿಧಾನದ ರಾಕ್ ಸಂಗೀತ. ಹೆಡ್‌ಫೋನಿನ ಸ್ಪಂಜು ಉದುರಿ ಬರೀ ಪ್ಲಾಸ್ಟಿಕ್ ಕಿವಿಗೆ ಒತ್ತುತ್ತಿತ್ತು, ಆದರೂ ತೆಗೆಯುತ್ತಿರಲಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ಹಾಡು ಶುರುವಾಗುವ ಮುಂಚೆ ಗಾಯಕ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಅದೊಂದು ಉಸಿರಿಗಾಗಿ ಪೆನ್ಸಿಲ್ ತೂರಿಸಿ ಟೇಪ್ ಹಿಂದಕ್ಕೆ ಸುತ್ತುತ್ತಿದ್ದೆ. ಕತೆಗಳೂ ಅಷ್ಟೇ, ಎಷ್ಟು ಭೀಕರವೋ ಅಷ್ಟು ಖುಷಿ.

ಈಗ 44. ಹೋದ ತಿಂಗಳು ಒಂದು ಕ್ರೈಮ್ ಸೀರೀಸ್ ಹಾಕಿದೆ. ಕೊಲೆ ನೋಡಿದೆ, ಏನೂ ಅನಿಸಲಿಲ್ಲ. ಆಮೇಲೆ ಕಾಣೆಯಾದ ಹುಡುಗಿಯ ಅಮ್ಮ ಒಬ್ಬಳೇ ಕೂತು ಮಗಳಿಗೆ ಫೋನ್ ಮಾಡುತ್ತಾಳೆ. ಎತ್ತುವವರಿಲ್ಲ. ಪ್ರತಿ ಸಲ ಫೋನಿನ ಗಾಜನ್ನು ಹೆಬ್ಬೆರಳಲ್ಲಿ ಒರೆಸಿ ಮತ್ತೆ ಮಾಡುತ್ತಾಳೆ. ಆಫ್ ಮಾಡಿಬಿಟ್ಟೆ. ಎರಡು ವರ್ಷದ ಹಿಂದೆ ಅಪ್ಪ 11 ದಿನ ಐಸಿಯುನಲ್ಲಿದ್ದರು. ಬಾಗಿಲ ಹೊರಗೆ ಕೂತು ನಾನೂ ಹಾಗೇ ಫೋನ್ ಒರೆಸುತ್ತಿದ್ದೆ.

ವಿಚಿತ್ರ ಅಂದರೆ ಡೂಮ್ ಈಗಲೂ ಬೇಕು. ಕತೆ ಮಾತ್ರ ಆಗುತ್ತಿಲ್ಲ. ನಿಮಗೂ ಹೀಗಾಗಿದೆಯಾ?

ಮನಸ್ಸಿನ ಪಾಠ:
ವಯಸ್ಸಿನ ಪಾಲೂ ಇದೆ. ಮೈ ಜುಮ್ಮೆನ್ನಿಸುವ ಅನುಭವದ ಹಂಬಲ ಹದಿಹರೆಯದ ಕೊನೆಗೆ ಏರಿ, ಆಮೇಲೆ ಇಳಿಯುತ್ತಾ ಬರುತ್ತದೆ. ಆದರೆ ನಿಮ್ಮದಕ್ಕೆ ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರ ಮಾತು ಹೆಚ್ಚು ಹೊಂದುತ್ತದೆ. ಮೈ ಹೆದರಬೇಕು, ನಿಜವಾಗಿ ಅಪಾಯವಿಲ್ಲ ಅಂತ ಮನಸ್ಸಿಗೆ ಗೊತ್ತಿರಬೇಕು. ರೋಲರ್ ಕೋಸ್ಟರಿನ ಹಾಗೆ. ಆಗಲೇ ಹೆದರಿಕೆ ಖುಷಿಯಾಗುವುದು. ಆ ಅಮ್ಮನನ್ನು ನೋಡುವಾಗ ನಿಮಗೆ ಆ ಧೈರ್ಯ ಇರಲಿಲ್ಲ, ಅಲ್ವಾ?

ಕೊನೇ ಪುಟ:
ತಮ್ಮಾ, ನನಗೆ 63. ನನ್ನದು ಪೂರ್ತಿ ಉಲ್ಟಾ. ಚಿಕ್ಕವಳಿದ್ದಾಗ ಯಾರೂ ಸಾಯುವುದಿಲ್ಲ ಅಂತ ಕೊನೇ ಪುಟ ನೋಡಿಕೊಂಡೇ ಕಾದಂಬರಿ ಹಿಡಿಯುತ್ತಿದ್ದೆ. ನಮ್ಮವರು ಹೋದ ಮೇಲೆ ಎಲ್ಲ ಸರಿಹೋಗುವ ಕತೆ ಓದಿದರೆ ಸಿಟ್ಟೇ ಬರುತ್ತದೆ. ಈಚೆಗೆ ಒಂದು ಕತೆ ಓದಿದೆ. ಸತ್ತವನ ಕನ್ನಡಕ ಶೆಲ್ಫಿನ ಮೇಲೆ ಹಾಗೇ ಇರುತ್ತದೆ. ಎಸೆಯಲೂ ಆಗದು, ಎತ್ತಿಡಲೂ ಆಗದು. ಎಲ್ಲರೂ ಅದರ ಸುತ್ತ ಧೂಳು ಒರೆಸುತ್ತಾರೆ. ಎರಡು ಸಲ ಓದಿದೆ. ನನ್ನನ್ನು ಯಾರೋ ನೋಡಿದ್ದಾರೆ ಅನಿಸಿತು.

ವಾಲ್ಯೂಮ್ ಜಾಸ್ತಿ:
ನನಗೆ 19. ಸಾವು ಗೊತ್ತಿಲ್ಲದವರೇ ಇಂಥದ್ದು ಕೇಳುವುದು ಅಂತ ಯಾರೂ ಅಂದುಕೊಳ್ಳಬೇಡಿ. ಅಮ್ಮ ತೀರಿಕೊಂಡಾಗ ನನಗೆ 15. ಮನೆಯಲ್ಲಿ ಎಲ್ಲರೂ ಪಿಸುಗುಡುತ್ತಿದ್ದರು. ನನ್ನ ಒಳಗಿನಷ್ಟು ಜೋರಾಗಿದ್ದದ್ದು ಮೆಟಲ್ ಹಾಡಿನ ಕಿರುಚಾಟ ಒಂದೇ. 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಮೆಟಲ್ ಕೇಳುವವರಿಗೆ ಬೇಕಂತಲೇ ಸಿಟ್ಟು ಬರಿಸಿ, ಆಮೇಲೆ ಕೆಲವರಿಗೆ ಅವರದೇ ಹಾಡು ಕೇಳಲು ಬಿಟ್ಟರು. ಅವರ ಸಿಟ್ಟು ಏರಲಿಲ್ಲ, ಇಳಿಯಿತು. ನನಗೆ ಅದು ಮೊದಲೇ ಗೊತ್ತಿತ್ತು.

ಬಿ ಸೈಡ್:
ಪುಟ್ಟಾ, ನೀನು ಹೇಳಿದ ಮೇಲೆ ಯೋಚನೆ ಮಾಡಿದೆ. ಹಾಡಿನೊಳಗೆ ಯಾರೂ ಫೋನ್ ಹಿಡಿದು ಕೂತಿರುವುದಿಲ್ಲ. ಅಲ್ಲಿ ಬರೀ ಭಾರ ಇರುತ್ತದೆ, ಅದನ್ನು ನನ್ನದು ಅಂತ ಹೊತ್ತುಕೊಳ್ಳಬಹುದು. ಕತೆಯಲ್ಲಿ ಅದು ಇನ್ನೊಬ್ಬರದು. ನಾನು ಸುಮ್ನೆ ನೋಡುತ್ತಾ ಕೂರಬೇಕು. ಆ 11 ದಿನ ಮಾಡಿದ್ದೂ ಅದನ್ನೇ.

ಅಕ್ಕಾ, ಆ ಕನ್ನಡಕದ ಕತೆ ಯಾವುದು? ಅಪ್ಪನದು ಇನ್ನೂ ನನ್ನ ಡ್ರಾಯರಿನಲ್ಲಿದೆ.